ದಿಬ್ಬದ ದಾರಿ

1894, ಮಾರ್ಚ್ 3, ಶನಿವಾರ. ಬೆಳಿಗ್ಗೆ ಏಳು

ಕಾಲು ಇವತ್ತೂ ಬಾತಿದೆ. ಬೂಟು ಹತ್ತಲಿಲ್ಲ. ಉಣ್ಣೆಯ ಕಾಲುಚೀಲದಲ್ಲೇ ಮೇಜಿಗೆ ಬಂದು ಕೂತೆ. ಹೆಂಡತಿ ಹೆಟ್ಟಿ ಎದೆಯ ಔಷಧಿ ಹನಿಸಿ ಕೊಟ್ಟಳು. ಆ ಕಹಿ ಮಧ್ಯಾಹ್ನದವರೆಗೂ ನಾಲಿಗೆ ಬಿಡೋದಿಲ್ಲ.

ಆತ್ಮಕಥೆಯ ಒಂಬತ್ತನೇ ಅಧ್ಯಾಯ. ಜನವರಿಯಿಂದ ಅಲ್ಲೇ. ಬಾಲ್ಯ ಬರೆದೆ, ಮೆಕ್ಸಿಕೋ ಯುದ್ಧ ಬರೆದೆ, ಮದುವೆ ಬರೆದೆ — ಇಳಿಜಾರಲ್ಲಿ ಬಂಡಿ ಬಿಟ್ಟ ಹಾಗೆ ಓಡಿತು. ಅಂತರ್ಯುದ್ಧದ ಡಾಸನ್ ಕಡವಿಗೆ ಬಂದು ಅಚ್ಚು ಮುರಿದುಕೊಂಡು ಕೂತಿದೆ.

ಅಥೆನ್ಸಿನಲ್ಲಿ ನಾಲ್ಕು ವರ್ಷ ಈ ದೇಶದ ರಾಯಭಾರಿಯಾಗಿದ್ದೆ. ಅಲ್ಲೇ ಕೂತು ಬರೆದ ಕಾದಂಬರಿ ಪ್ರತಿ ಮನೆಯ ಬೈಬಲ್ ಪಕ್ಕ ಕೂತಿದೆ. ಆದರೂ ಇಂಡಿಯಾನಾದಲ್ಲಿ ಇಬ್ಬರು ಸೇರಿ ನನ್ನ ಹೆಸರೆತ್ತಿದರೆ ಮೂರನೆಯ ಮಾತು ಇದೇ — "ಆರ್ಟೆಮಸ್ ಕೋಲ್? ಕಡವಿಗೆ ಆರು ಗಂಟೆ ತಡವಾಗಿ ಬಂದ್ನಲ್ಲ, ಆ ಜನರಲ್ ತಾನೇ?"

ಮುನ್ನೂರ ಎಪ್ಪತ್ತೊಂದು ಜನ. ನಾನು ಬರುತ್ತೇನೆ ಅಂತ ಕಾಯುತ್ತಾ ಸತ್ತವರು.

ಜಡ್ಜ್ ಸ್ಟಾಡರ್ಡ್‌ನ ಕಾಗದ ಬಂದಿದೆ. ಸ್ಮಾರಕ ಸಮಿತಿಯ ಅಧ್ಯಕ್ಷ ಆತ. ಮೇ ಮೂವತ್ತಕ್ಕೆ ಕಡವಿನಲ್ಲಿ ಕಲ್ಲು ನಿಲ್ಲಿಸುತ್ತಾರೆ. ಕಲ್ಲಿನ ಮೇಲೆ ಬರಬೇಕಾದ ಸಾಲು: "ಸಹಾಯಕ ಅಧಿಕಾರಿಯ ತಪ್ಪಿನಿಂದ ಜನರಲ್ ಕೋಲ್ ಅವರ ದಂಡು ಹೊಳೆಯ ದಾರಿ ಬಿಟ್ಟು ದಿಬ್ಬದ ದಾರಿ ಹಿಡಿದು ತಡವಾಯಿತು." ಆದರೆ ಆ ಸಹಾಯಕನ ರುಜು ಬೇಕಂತೆ. ಇಲ್ಲದಿದ್ದರೆ ಬರೀ "ತಡವಾಯಿತು" ಅಂತ ಕೆತ್ತುತ್ತಾರಂತೆ. ನನ್ನ ಹೆಸರಿನ ಕೆಳಗೆ. ಗ್ರಾನೈಟ್‌ನಲ್ಲಿ.

ಆ ಸಹಾಯಕ, ಅಲ್ವಾ ಪ್ರಿಂಗಲ್‌ಗೆ ಮೂರನೇ ಕಾಗದ ಬರೆದೆ. ಮೊದಲೆರಡಕ್ಕೆ ಉತ್ತರವಿಲ್ಲ.

ಡಾಕ್ಟರು ಹೇಳೋದು — ಎಲೆ ಉದುರೋವರೆಗೆ ಉಳಿಯುತ್ತೇನಂತೆ. ಅದನ್ನೂ ಮುಲಾಜಿಗೆ ಹೇಳ್ತಾರೆ.

ಮಾರ್ಚ್ 8, ಗುರುವಾರ. ಮಧ್ಯಾಹ್ನ

ಬರೆದೆ! ಒಂದೇ ಉಸಿರಿಗೆ ನಾಲ್ಕು ಪುಟ. ಎಲ್ಲ ಕಣ್ಣೆದುರಿಗಿದೆ. ಅಕ್ಟೋಬರ್ ಏಳು, ಬೆಳಿಗ್ಗೆ ಏಳೂವರೆ. ಮಂಜು. ಪ್ರಿಂಗಲ್ ಕುದುರೆ ಇಳಿದು ಬರ್ತಾನೆ. ದಾರಿಯಲ್ಲಿ ಬಾವಿಗೆ ಬಗ್ಗಿ ನೀರು ಕುಡಿದಿದ್ದಾನೆ, ಅಂಗಿಯ ಎದೆ ಒದ್ದೆ. ಜೇಬು ತಡಕುತ್ತಾನೆ. ದಂಡನಾಯಕರ ಆಜ್ಞೆಯ ಕಾಗದ ಇಲ್ಲ. ಬಾವಿಗೆ ಬಿದ್ದಿದೆ. ಮುಖ ಬಿಳಿಚುತ್ತದೆ. "ದಿಬ್ಬದ ದಾರಿ ಅಂತ ಹೇಳಿದ್ರು ಸಾರ್" ಅಂತಾನೆ.

ಕಾಫಿ ಹೊತ್ತಿಗೆ ಹೆಟ್ಟಿಗೆ ಓದಿ ಹೇಳಿದೆ. ಹೆಣೆಯುತ್ತಿದ್ದ ಕಡ್ಡಿ ನಿಲ್ಲಿಸಿದಳು.

"ಯಾವ ಬಾವಿ?"

"ಬಿಡಾರದ ದಾರಿಯಲ್ಲಿತ್ತಲ್ಲ."

"ಆರ್ಟಿ, ಯುದ್ಧ ಮುಗಿದ ವಾರಕ್ಕೆ ನಾನು ಅಲ್ಲಿಗೆ ಬಂದೆ. ಇಪ್ಪತ್ತು ದಿನ ಗಾಯದ ಬಟ್ಟೆ ಒಗೆದೆ. ಬಾವಿ ಇದ್ದಿದ್ರೆ ನಾನ್ಯಾಕೆ ಅರ್ಧ ಮೈಲಿ ನಡೆದು ಹೊಳೆಯಿಂದ ನೀರು ಹೊರ್ತಿದ್ದೆ?"

"ನಿನಗೆ ಮರೆತಿದೆ."

"ಸೊಂಟಕ್ಕೆ ಮರೆತಿಲ್ಲ." ಮತ್ತೆ ಹೆಣೆಯತೊಡಗಿದಳು. ನಾಲ್ಕು ಹೆಣಿಗೆ ಆದಮೇಲೆ ಮೆಲ್ಲಗೆ — "ಬಾವಿ ನಿನ್ನ ಕಾದಂಬರಿಯಲ್ಲಿದೆ."

ಹೌದು, ಕಾದಂಬರಿಯಲ್ಲಿದೆ. ಡೋರಸ್ ಅನ್ನೋ ಆಳು ಬಾವಿಗೆ ಬಗ್ಗಿ ಓಲೆ ಕಳೆದುಕೊಳ್ತಾನೆ, ಪಟ್ಟಣ ಬೀಳುತ್ತೆ. ಪ್ರಿಂಗಲ್‌ನನ್ನ ನೋಡೇ ಬರೆದದ್ದು. ಎಲ್ಲರಿಗೂ ಗೊತ್ತು. ಕಂಡದ್ದನ್ನ ಕಥೆ ಮಾಡಿದೆ. ಕಥೆ ಮಾಡಿದ್ದನ್ನ ಕಂಡೆ ಅಂತ ಅಂದುಕೊಳ್ಳೋಕೆ ನನಗೇನು ಅರುಳುಮರುಳೇ?

ಮಾರ್ಚ್ 11, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಅಟ್ಟದಿಂದ ಯುದ್ಧದ ಕಾಗದದ ಪೆಟ್ಟಿಗೆ ಇಳಿಸಿದೆ. ಮೆಟ್ಟಿಲಲ್ಲಿ ಎರಡು ಸಲ ಕೂತೆ.

ಅಂದಿನ ಬಿಡಾರದ ನಕ್ಷೆ ಸಿಕ್ಕಿತು. ನಾನೇ ಬರೆದದ್ದು. ಅಡುಗೆಯ ಡೇರೆ ಇದೆ, ಕುದುರೆ ಕಟ್ಟುವ ಸಾಲಿದೆ, ಮರಗಳನ್ನೂ ಗುರುತು ಮಾಡಿದ್ದೇನೆ. ಹೊಳೆಯ ಆಚೆ ದಡದಲ್ಲಿ ಶತ್ರುವಿನ ಫಿರಂಗಿಗಳಿಗೆ ಪುಟ್ಟ ಪುಟ್ಟ ಶಿಲುಬೆ.

ಬಾವಿ ಇಲ್ಲ.

ನಕ್ಷೆ ಪೂರ್ತಿ ಮಾಡಿರಲಿಕ್ಕಿಲ್ಲ...

ಏಪ್ರಿಲ್ 3, ಮಂಗಳವಾರ

ಮೂರು ವಾರ ಏನೂ ಬರೆದಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗೆ. ದಿಂಬು ನಾಲ್ಕು ಜೋಡಿಸಿ ಒರಗಿ ಕೂತೇ ನಿದ್ದೆ.

ಪ್ರಿಂಗಲ್ ಬಾಯಿ ಬಿಡಲಿಲ್ಲ. ಜಡ್ಜ್ ಬರೆಯುತ್ತಾನೆ — ಇನ್ನು ಕಾಯೋಕಾಗೋದಿಲ್ಲ.

ನಾನೇ ಹೋಗುತ್ತೇನೆ. ಅವನ ಊರು ಇಲಿನಾಯ್ ಗಡಿಯ ಆಚೆ, ಇಲ್ಲಿಂದ ಅರವತ್ತು ಮೈಲಿ, ರೈಲಿದೆ. ಒಂದು ರುಜು. ಹೆಟ್ಟಿ ಬೇಡ ಅನ್ನಲಿಲ್ಲ, ಜೊತೆಗೆ ಬರ್ತೀನಿ ಅಂತಲೂ ಅನ್ನಲಿಲ್ಲ.

ಏಪ್ರಿಲ್ 10, ಮಂಗಳವಾರ. ಹೆರಿಕ್ ಊರಿನ ಹೋಟೆಲ್. ಸಂಜೆ ಐದು

ಇದ್ದದ್ದು ಇದ್ದ ಹಾಗೆ ಬರೆಯಬೇಕು. ಈ ಸಲವಾದರೂ.

ಸ್ಟೇಷನ್ನಿನಲ್ಲಿ ಇಳಿದು ಪ್ರಿಂಗಲ್ ಅನ್ನೋರ ಕುದುರೆ ಜೀನಿನ ಅಂಗಡಿ ಎಲ್ಲಿ ಅಂತ ಕೇಳಿದೆ. ಸ್ಟೇಷನ್ ಮಾಸ್ತರ ಹಲ್ಲು ಬಿಟ್ಟ. "ಯಾರು, ನಮ್ಮ ಡೋರಸ್ಸೇ? ನೆಟ್ಟಗೆ ಹೋಗಿ ಎಡಕ್ಕೆ. ಯಾವುದಾದರೂ ಮುಖ್ಯವಾದ ಕಾಗದ ಇದ್ರೆ ಮಾತ್ರ ಅವನ ಕೈಗೆ ಕೊಡಬೇಡಿ ಯಜಮಾನ್ರೆ!" ಬೆಂಚಿನ ಮೇಲಿದ್ದ ಇಬ್ಬರು ತೊಡೆ ತಟ್ಟಿಕೊಂಡು ನಕ್ಕರು. ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ನಾನು ಕೊಟ್ಟ ಹೆಸರು. ಹನ್ನೊಂದು ವರ್ಷದ ಹಿಂದೆ, ಅಥೆನ್ಸಿನ ಜಗಲಿಯಲ್ಲಿ, ದ್ರಾಕ್ಷಾರಸ ಕುಡೀತಾ.

ಅಂಗಡಿಯ ಬಾಗಿಲಲ್ಲಿ ಅವನ ಮಗಳು. ಕೆಜಾಯಾ. ಮೂವತ್ತು ದಾಟಿದ ಹೆಂಗಸು, ತೋಳು ಮಡಚಿದ್ದಾಳೆ, ಬೆರಳೆಲ್ಲ ಮೇಣ. ಹೆಸರು ಹೇಳಿದೆ.

"ನಿಮ್ಮ ಮೂರು ಕಾಗದಾನೂ ಒಲೆಗೆ ಹಾಕಿದೋಳು ನಾನು" ಅಂದಳು. "ಅಪ್ಪನಿಗೆ ತೋರಿಸಲಿಲ್ಲ. ಈಗ ನಿಮ್ಮನ್ನೂ ಹಾಕ್ತಿದ್ದೆ, ಒಲೆ ಸಣ್ಣದು."

ಒಳಗಿಂದ ದನಿ — "ಕೆಜಿ, ಯಾರದು? ಒಳಕ್ಕೆ ಬಿಡು."

ಪ್ರಿಂಗಲ್ ಕಾಲುಮಣೆಯ ಮೇಲೆ ಕೂತು ಜೀನು ಹೊಲೀತಿದ್ದ. ಬಲಗಾಲು ಮಂಡಿಯ ಕೆಳಗೆ ಮರದ್ದು. ತಲೆ ಬೋಳಾಗಿದೆ. ಎದ್ದು ನಿಲ್ಲೋಕೆ ಹೋದ, ನಾನೇ ಬೇಡ ಅಂದೆ. ದಾರ ಎಳೆದು ಗಂಟು ಹಾಕಿ ಆಮೇಲೆ ತಲೆ ಎತ್ತಿದ.

"ಬನ್ನಿ ಜನರಲ್. ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ." ಸ್ವಲ್ಪ ತಡೆದು — "ಉಹುಂ, ಗೊತ್ತಿತ್ತು ಬಿಡಿ. ತಡ ನಿಮಗೇನು ಹೊಸದೇ?"

ಸಿಟ್ಟು ಬಂತು. ಸಮಿತಿಯ ಬರಹ ತೆಗೆದು ಅವನ ಮಣೆಯ ಮೇಲಿಟ್ಟೆ. ಕಲ್ಲಿನ ಸಾಲು ಓದಿದ. ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದ.

"ರುಜು ಹಾಕು ಪ್ರಿಂಗಲ್. ಮುದುಕರಾದೆವು. ಯಾರೂ ನಿನ್ನ ನೇಣಿಗೆ ಹಾಕೋದಿಲ್ಲ. ಕಾಗದ ಕಳೆದುಹೋಗೋದು ಯಾರ ಕೈಯಲ್ಲಾದರೂ ಆಗುತ್ತೆ."

ಅವನು ನನ್ನನ್ನೇ ನೋಡಿದ. ಆ ನೋಟ ಹೇಗೆ ಬರೆಯಲಿ? ಸಿಟ್ಟಲ್ಲ. ಡಾಕ್ಟರು ನಾಡಿ ಹಿಡಿದು ನೋಡ್ತಾರಲ್ಲ, ಹಾಗೆ.

"ಅಯ್ಯೋ ದೇವರೇ" ಅಂದ ಮೆಲ್ಲಗೆ. "ನೀವು ಸುಳ್ಳು ಹೇಳ್ತಿದೀರಿ ಅಂದ್ಕೊಂಡಿದ್ದೆ ಇಷ್ಟು ವರ್ಷ. ನೀವು ನಂಬಿದೀರಿ."

ಕೆಜಾಯಾಗೆ ಏನೋ ಸನ್ನೆ ಮಾಡಿದ. "ಬೇಡ ಅಪ್ಪ" ಅಂದಳು. ಅವನು ಮರದ ಕಾಲನ್ನ ನೆಲಕ್ಕೆ ಒಂದು ಸಲ ಕುಟ್ಟಿದ. ಅವಳು ಗೋಡೆಯ ಹಲಗೆ ಸರಿಸಿ ಮೇಣದ ಬಟ್ಟೆಯ ಗಂಟು ತಂದಳು.

ಒಳಗೆ ಕಾಗದ. ನಾಲ್ಕು ಮಡಿಕೆ. ಮುಂದೆ ಪ್ರಧಾನ ದಂಡನಾಯಕರ ಗುಮಾಸ್ತನ ಶಾಯಿ — "ಹೊಳೆಯ ದಾರಿಯಲ್ಲಿ ಕೂಡಲೇ ಹೊರಟು ಕಡವು ಸೇರುವುದು. ದಿಬ್ಬದ ದಾರಿ ಬೇಡ."

ಹಿಂದೆ ಪೆನ್ಸಿಲ್. "ದಿಬ್ಬದ ದಾರಿಯಲ್ಲೇ ಹೋಗತಕ್ಕದ್ದು. ಎಲ್ಲ ದಳಗಳಿಗೂ ತಿಳಿಸು. — ಆ. ಕೋಲ್."

ನನ್ನ ಕೈ. ಹೆಸರಿನ ಕೊನೆಗೆ ಗೆರೆಯನ್ನ ಮೇಲಕ್ಕೆ ಎಳೆಯೋ ಚಟ. ಇವತ್ತಿಗೂ ಹಾಗೇ ಎಳೀತೀನಿ.

ಎಷ್ಟು ಹೊತ್ತು ಹಾಗೆ ಹಿಡಿದು ಕೂತಿದ್ದೆನೋ. ಕೆಜಾಯಾ ನೀರು ತಂದು ಪಕ್ಕದಲ್ಲಿ ಕುಕ್ಕಿದಳು.

"ಯಾರಿಗೂ ಯಾಕೆ ತೋರಿಸಲಿಲ್ಲ?" ಅಂದೆ.

"ಆವತ್ತು ಸಂಜೆ ನನ್ನ ಕಾಲು ಚೂರಾದಾಗ ನೀವು ನನ್ನನ್ನ ಬೆನ್ನ ಮೇಲೆ ಹೊತ್ತು ಒಂದು ಮೈಲಿ ನಡೆದ್ರಿ ಜನರಲ್. ಜನರಲ್ ಆದೋನು ಹಾಗೆ ಹೊರಲ್ಲ. ಅದಕ್ಕೆ ಮೊದಲು ಬಾಯಿ ಮುಚ್ಕೊಂಡೆ. ಆಮೇಲೆ ಪುಸ್ತಕ ಬಂತು. ಊರಿನ ಗುಮಾಸ್ತೆ ಕೆಲಸದ ಚುನಾವಣೆಗೆ ಎರಡು ಸಲ ನಿಂತೆ, ಎರಡು ಸಲಾನೂ ಡೋರಸ್ ಡೋರಸ್ ಅಂತ ಕೂಗಿ ಸೋಲಿಸಿದ್ರು. ಇವಳಿಗೆ ಬಂದ ಗಂಡು ಕೂಡ ಅದೇ ಮಾತಿಗೆ ಹಿಂದೆ ಸರಿದ. ಆಗ ತೋರಿಸಬಹುದಿತ್ತು. ಆದ್ರೆ ಆ ಹೊತ್ತಿಗೆ ಹಠ ಬಂದಿತ್ತು ನನಗೆ. ಅವರೇ ಬರಲಿ, ಅವರೇ ಕೇಳಲಿ ಅಂತ."

"ಏನು ಕೇಳಲಿ ಅಂತ?"

"ಅದನ್ನೂ ನಾನೇ ಬರೆದುಕೊಡಬೇಕಾ?"

ನಾನು ಬಾಯಿ ತೆರೆದೆ. ಕೇಳಬೇಕಾಗಿದ್ದು ಒಂದೇ ಶಬ್ದ. ನಾಲಿಗೆ ತಿರುಗಲಿಲ್ಲ. ಎದ್ದು ಟೋಪಿ ಹುಡುಕಿದೆ.

ಅವನು ಕಾಗದವನ್ನ ಮತ್ತೆ ಮಡಿಸಿ ನನ್ನ ಕೋಟಿನ ಜೇಬಿಗೆ ತಾನೇ ಇಟ್ಟ.

"ಅಪ್ಪಾ! ಸುಟ್ಟುಬಿಡ್ತಾರೆ ಅದನ್ನ!" ಕೆಜಾಯಾ ಚೀರಿದಳು.

"ಸುಟ್ಕೊಳ್ಳಲಿ. ಕಾದು ಕಾದು ನನಗೆ ಸಾಕಾಯ್ತು ಮಗಳೇ."

ಏಪ್ರಿಲ್ 19, ಗುರುವಾರ

ಸುಟ್ಟಿಲ್ಲ.

ಏಪ್ರಿಲ್ 20

ಸುಟ್ಟಿಲ್ಲ. ಹೆಟ್ಟಿಗೆ ಹೇಳಿಲ್ಲ. "ರುಜು ಹಾಕಿದನಾ?" ಅಂದಳು. "ಯೋಚನೆ ಮಾಡ್ತಾನಂತೆ" ಅಂದೆ. ರಾಯಭಾರಿಯ ಉತ್ತರ.

ಯಾಕೆ ಬರೆದೆ ಹಾಗೆ? ಹೊಳೆಯ ದಾರಿ ಹತ್ತಿರ. ಆಜ್ಞೆ ಸ್ಪಷ್ಟ. ಹಾಗಿದ್ದೂ ದಿಬ್ಬದ ದಾರಿ ಯಾಕೆ? ನೆನಪಿಲ್ಲ. ಎಲ್ಲಿ ಆ ಬೆಳಗಿರಬೇಕೋ ಅಲ್ಲಿ ಬಾವಿ ಕೂತಿದೆ. ಹತ್ತು ಕಾರಣ ಕಟ್ಟಬಲ್ಲೆ. ಕಟ್ಟೋದೇ ನನ್ನ ಕಸುಬು. ಅದಕ್ಕೇ ಹತ್ತರಲ್ಲಿ ಒಂದನ್ನೂ ನಂಬೋಕಾಗ್ತಿಲ್ಲ.

ಏಪ್ರಿಲ್ 22, ಭಾನುವಾರ. ಬೆಳಿಗ್ಗೆ

ಹೆಟ್ಟಿ ಚರ್ಚಿಗೆ ಹೋದಳು. ಒಲೆಯ ಬಾಗಿಲು ತೆಗೆದೆ.

ಅಂಚು ಕಂದುಬಣ್ಣಕ್ಕೆ ತಿರುಗಿತು. ಹೊಗೆ. ಪ್ರಿಂಗಲ್‌ಗೆ ಅರವತ್ತು ದಾಟಿದೆ, ಅವನ ಮಾತು ಯಾರು ನಂಬ್ತಾರೆ, ಇನ್ನು ನಾಲ್ಕು ತಿಂಗಳು ನಾನಿರೋದು, ಹೆಸರಾದರೂ ಉಳಿಯಲಿ — ಎಲ್ಲ ಹೇಳಿಕೊಂಡೆ. ಬೆರಳು ಸುಟ್ಟಿತು. ಎಳೆದುಕೊಂಡೆ. ಮತ್ತೆ ಹಿಡಿದೆ.

"ಏನದು?"

ಹೆಟ್ಟಿ ಬಾಗಿಲಲ್ಲಿ. ಕೈಗವಸು ಮರೆತಿದ್ದಳಂತೆ. ಟೋಪಿ ಕೂಡ ತೆಗೆಯದೆ ಬಂದು ನನ್ನ ಕೈಯಿಂದ ತೆಗೆದುಕೊಂಡಳು. ಮುಂದೆ ಓದಿದಳು. ಹಿಂದೆ ಓದಿದಳು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಹಿಂದೆ ಓದಿದಳು.

ಅಡುಗೆಮನೆಗೆ ಹೋಗಿ ಕಾಫಿ ಇಟ್ಟಳು. ಪಾತ್ರೆ ಸದ್ದು ಕೇಳ್ತಾ ಕೂತಿದ್ದೆ. ನನ್ನ ಇಡೀ ಜೀವಮಾನದಲ್ಲಿ ಯಾವ ಫಿರಂಗಿ ಸದ್ದಿಗೂ ಅಷ್ಟು ನಡುಗಿಲ್ಲ.

ಬಂದು ಎದುರಿಗೆ ಕೂತಳು.

"ಆ ಚರ್ಚಿನ ಮೆಟ್ಟಿಲ ಮೇಲೆ ನಾನು ಎಷ್ಟು ಜನ ವಿಧವೆಯರ ಜೊತೆ ಜಗಳ ಆಡಿದೀನಿ ಗೊತ್ತಾ ಆರ್ಟಿ? ನಿನ್ನ ಪರವಾಗಿ. 'ನನ್ನ ಗಂಡನ ತಪ್ಪಲ್ಲ, ಆ ಪ್ರಿಂಗಲ್ ಅನ್ನೋ ನಾಯಿದು' ಅಂತ. ನಾಯಿ ಅಂದಿದ್ದೆ."

"ನನಗೆ ನಿಜವಾಗಿ ನೆನಪಿರಲಿಲ್ಲ ಹೆಟ್ಟಿ."

"ಈಗ ಗೊತ್ತಾಗಿ ಎಷ್ಟು ದಿನ ಆಯ್ತು?"

"ಹನ್ನೆರಡು."

"ಹಾಗಾದರೆ ಆ ಹನ್ನೆರಡಕ್ಕೆ ಉತ್ತರ ಕೊಡು. ಮೂವತ್ತೊಂದು ವರ್ಷದ ಮಾತು ಆಮೇಲೆ."

ಕಾಗದವನ್ನ ತನ್ನ ಪ್ರಾರ್ಥನೆ ಪುಸ್ತಕದಲ್ಲಿಟ್ಟುಕೊಂಡು ಹೋದಳು.

ಮೇ 4, ಶುಕ್ರವಾರ

ಜಡ್ಜ್‌ಗೆ ಬರೆದು ಹಾಕಿದೆ. ಏಳು ಸಲ ಹರಿದೆ. ಎಂಟನೆಯದು ಮೂರು ಸಾಲು. "ಆಜ್ಞೆ ನನ್ನ ಕೈ ಸೇರಿತು. ಓದಿ ಮೀರಿದವನು ನಾನು. ಪ್ರಿಂಗಲ್ ತಪ್ಪಿಲ್ಲ."

ಮೇ 12, ಶನಿವಾರ

ಉತ್ತರ ಬಂತು. "ತಮ್ಮ ಉದಾರ ಗುಣ ನಮಗೆ ಹೊಸದಲ್ಲ. ಅನಾರೋಗ್ಯದಲ್ಲಿ ಇಂಥ ಯೋಚನೆ ಬೇಡ. ಪ್ರಿಂಗಲ್‌ನ ಮೌನವನ್ನೇ ಒಪ್ಪಿಗೆಯೆಂದು ತಿಳಿದು ಸಮಿತಿ ಕಳೆದ ತಿಂಗಳೇ ಕಲ್ಲು ಕೆತ್ತಿಸಿದೆ."

ಕೆತ್ತಿಸಿಬಿಟ್ಟಿದೆ.

ಸರಿ. ಅಲ್ಲೇ, ಆ ಕಲ್ಲಿನ ಎದುರಿಗೇ ಹೇಳ್ತೀನಿ. ಭಾಷಣಕ್ಕೆ ಕರೆದಿದ್ದಾರಲ್ಲ.

ಮೇ 30, ಬುಧವಾರ. ಡಾಸನ್ ಕಡವು, ಟೆನೆಸ್ಸಿ

ಮುಗಿಯಿತು. ಏನು ಮುಗಿಯಿತು?

ಎರಡು ಸಾವಿರ ಜನ. ಹಳೆಯ ಸೈನಿಕರು, ನೀಲಿ ಕೋಟುಗಳು ಹೊಟ್ಟೆಗೆ ಸಾಲದೆ ಗುಂಡಿ ಬಿಚ್ಚಿವೆ. ಬಿಸಿಲು. ಎರಡು ಕಡೆ ತೋಳು ಹಿಡಿದು ವೇದಿಕೆ ಹತ್ತಿಸಿದರು. ಕಲ್ಲಿನ ಬಟ್ಟೆ ಸರಿಸಿದರು — ಆ ಸಾಲು, ಚಿನ್ನದ ಬಣ್ಣ ತುಂಬಿದ್ದಾರೆ.

ಹೇಳಿದೆ. ಅಲಂಕಾರವಿಲ್ಲದೆ. "ಈ ಕಲ್ಲು ಸುಳ್ಳು ಹೇಳುತ್ತಿದೆ. ಕಾಗದ ಕಳೆದಿರಲಿಲ್ಲ. ಇಲ್ಲಿದೆ. ನಾನು ಓದಿದೆ. ನಾನೇ ದಿಬ್ಬದ ದಾರಿ ಹಿಡಿಸಿದೆ. ಪ್ರಿಂಗಲ್ ನಿರಪರಾಧಿ." ಹೆಟ್ಟಿ ಪ್ರಾರ್ಥನೆ ಪುಸ್ತಕದಿಂದ ತೆಗೆದುಕೊಟ್ಟಿದ್ದ ಕಾಗದ ಎತ್ತಿ ತೋರಿಸಿದೆ. ಗಾಳಿಗೆ ಪಟಪಟ ಅಂದಿತು.

ಮುಂದಿನ ಸಾಲಲ್ಲಿ ಯಾರೋ ಎದ್ದು ಕೂಗಿದ — "ನೋಡ್ರೋ! ಆಳಿನ ತಪ್ಪನ್ನ ಮೈಮೇಲೆ ಹಾಕ್ಕೊಳ್ಳೋ ದೊಡ್ಡತನ ನೋಡ್ರೋ!" ಚಪ್ಪಾಳೆ. ಟೋಪಿ ಹಾರಿದವು. ಗಡ್ಡದವರು ಅತ್ತರು. "ಅಲ್ಲ, ಅಲ್ಲ" ಅಂತ ಕೂಗಿದೆ. ಎಷ್ಟು ಕೂಗಿದರೆ ಅಷ್ಟು ಚಪ್ಪಾಳೆ. ಜಡ್ಜ್ ಕಿವಿಯಲ್ಲಿ "ಕೂತ್ಕೊಳ್ಳಿ ಜನರಲ್, ಬಿಸಿಲು ಜಾಸ್ತಿ" ಅಂದು ವಾದ್ಯದವರಿಗೆ ಕೈಮಾಡಿದ. ತುತ್ತೂರಿ ಶುರುವಾಯಿತು.

ಕೆಳಗೆ ಇಳಿಸಿದ ಮೇಲೆ ಕುರ್ಚಿಯಲ್ಲಿ ಕೂತಿದ್ದೆ. ಕಪ್ಪು ಉಡುಪಿನ ಒಬ್ಬ ಮುದುಕಿ ಬಂದು ನಿಂತಳು. ಚಪ್ಪಾಳೆ ತಟ್ಟಿದವಳಲ್ಲ.

"ಹೊಳೆಯ ದಾರಿಯಲ್ಲಿ ಬಂದಿದ್ರೆ ಎಷ್ಟು ಹೊತ್ತಿಗೆ ಬರ್ತಿದ್ರಿ?"

"ಹನ್ನೊಂದಕ್ಕೆ."

"ನಮ್ಮವರು ಎರಡು ಗಂಟೆವರೆಗೂ ಜೀವಂತ ಇದ್ದರಂತೆ." ಕಪ್ಪು ಶಾಲನ್ನ ಬಿಗಿದುಕೊಂಡಳು. "ಹೇಳಿದಿರಲ್ಲ, ಅಷ್ಟಾಯ್ತು." ಹೆಸರೂ ಹೇಳದೆ ನಡೆದುಬಿಟ್ಟಳು.

ಎರಡು ಸಾವಿರದಲ್ಲಿ ಅವಳೊಬ್ಬಳಿಗೆ ಕೇಳಿಸಿತು.

ಜೂನ್ 3, ಭಾನುವಾರ

ಪತ್ರಿಕೆ: "ಜನರಲ್ ಕೋಲ್ ಅವರ ಮಹಾತ್ಯಾಗ." ಇನ್ನೊಂದು: "ತಮ್ಮ ಕಾದಂಬರಿಯ ನಾಯಕನನ್ನೂ ಮೀರಿಸಿದ ಜನರಲ್." ಕಾಗದ ಎತ್ತಿ ಹಿಡಿದದ್ದು ನಾಟಕದ ಚಮತ್ಕಾರವಂತೆ.

ಎಂಥ ಗಾರೆಗಾರ ನಾನು. ನನ್ನ ಸುಳ್ಳಿನ ಗೋಡೆಗೆ ನಾನೇ ತಲೆ ಚಚ್ಚಿಕೊಂಡರೂ ಬಿರುಕು ಬಿಡುತ್ತಿಲ್ಲ.

ಜೂನ್ 14, ಗುರುವಾರ

ಕಾಗದದ ಎರಡೂ ಮಗ್ಗುಲಿನ ಫೋಟೋ ತೆಗೆಸಿದೆ. ಒಂಬತ್ತನೇ ಅಧ್ಯಾಯ ಎರಡು ಪುಟ, ಅದರ ಜೊತೆ ಫೋಟೋ. ಪ್ರಕಾಶಕರಿಗೆ ಕಳೆದ ವಾರ ಕಳಿಸಿದ್ದೆ. "ಓದುಗರಿಗೆ ಬಾವಿಯ ಪ್ರಸಂಗ ಪ್ರಿಯ. ಫೋಟೋ ಬೇಕಿದ್ದರೆ ಕೊನೆಯಲ್ಲಿ ಸಣ್ಣದಾಗಿ ಹಾಕೋಣ" ಅಂತ ಉತ್ತರ.

ಹೆಟ್ಟಿ ಪೆನ್ನು ಕಸಿದುಕೊಂಡು ತಾನೇ ಬರೆದಳು. "ಆ ಪುಟ ಅಲ್ಲಿಲ್ಲದೆ ಪುಸ್ತಕ ಹೊರಬಂದರೆ ಸಿಕ್ಕಿದ ಪ್ರತಿಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಡುತ್ತೇನೆ. ವಯಸ್ಸು ಅರವತ್ತಾರು, ಬೆಂಕಿ ಹಚ್ಚಲು ಬರುತ್ತದೆ." ಮೂರು ತಿಂಗಳಲ್ಲಿ ಮೊದಲ ಸಲ ನಕ್ಕೆ. ನಗು ಕೆಮ್ಮಾಯಿತು.

ಜೂನ್ 29, ಶುಕ್ರವಾರ

ಕಾಲಿನ ಬಾವು ತೊಡೆಯವರೆಗೆ ಏರಿದೆ. ಡಾಕ್ಟರು ಈಗ ಎಲೆ ಉದುರುವ ಮಾತೆತ್ತುವುದಿಲ್ಲ.

ಯಾಕೆ ಆ ದಾರಿ? ದಿನಾ ಅದೇ. ಸಿಗುತ್ತಿಲ್ಲ.

ರೈಲು ಮುಷ್ಕರವಂತೆ. ಊರ ಸ್ಟೇಷನ್ನಿನಲ್ಲಿ ಡಬ್ಬಿಗಳು ನಿಂತಲ್ಲೇ ನಿಂತಿವೆ.

ಜುಲೈ 3, ಮಂಗಳವಾರ

ಕೆಜಾಯಾಳ ಕಾಗದ! ಮುಷ್ಕರದ ನಡುವೆ ಹೇಗೆ ಬಂತೋ. ದಪ್ಪ ಅಕ್ಷರ.

"ಪತ್ರಿಕೆ ಅಪ್ಪನಿಗೆ ಓದಿ ಹೇಳಿದೆ. ಚಪ್ಪಾಳೆ ತಟ್ಟಿದರು ಅಂದಾಗ ಬಿದ್ದು ಬಿದ್ದು ನಕ್ಕರು. 'ಸಿಕ್ಕಿಹಾಕ್ಕೊಂಡ ನೋಡು ಮುದುಕ' ಅಂದರು. ನೀವು ಸುಡುತ್ತೀರಿ ಅಂತ ನಾನಂದಿದ್ದೆ. ಸುಡಲಿಲ್ಲ. ಅಷ್ಟನ್ನ ಬರೆಯೋದು ನಾನು ತೀರಿಸಬೇಕಾದ ಸಾಲ. ಬರಬೇಕು ಅಂತಿದ್ದರೆ ಬನ್ನಿ ಅಂತ ಅಪ್ಪ ಹೇಳಿದ್ದಾರೆ. ಈ ಸಲ ತಡ ಮಾಡಬೇಡಿ ಅಂತಲೂ."

ರೈಲಿಲ್ಲ. "ಬಂಡಿಯಲ್ಲಿ ಅರವತ್ತು ಮೈಲಿ ಹೋದರೆ ದಾರೀಲೇ ಸಾಯ್ತಾರೆ" ಅಂದರು ಡಾಕ್ಟರು.

"ಇಲ್ಲಿದ್ರೆ?" ಅಂದಳು ಹೆಟ್ಟಿ.

ಡಾಕ್ಟರು ತಮ್ಮ ಚೀಲದ ಬಕಲು ಹಾಕಿದರು.

ಜುಲೈ 6, ಶುಕ್ರವಾರ. ದಾರಿಯಲ್ಲಿ, ಒಬ್ಬ ರೈತನ ಮನೆ. ಮಧ್ಯಾಹ್ನ

ನಿನ್ನೆ ಹೊರಟೆವು. ಹೆಟ್ಟಿಯೇ ಲಗಾಮು ಹಿಡಿದಿದ್ದಾಳೆ. ಬಂಡಿಯಲ್ಲಿ ಹಾಸಿಗೆ, ಮೇಲೆ ನಾನು, ಗೋಧಿ ಮೂಟೆಯ ಹಾಗೆ. ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ.

ಬೆಳಿಗ್ಗೆ ದಾರಿ ವಾಬಾಶ್ ಹೊಳೆಯ ಅಂಚಿಗೆ ಇಳಿಯಿತು. ಆಚೆ ದಡದ ಮೇಲೆ ಮೋಡ ಕವಿದಿತ್ತು. ಗುಡುಗು. ಒಂದೇ ಸಲ, ದೂರದಲ್ಲಿ. ಕುದುರೆ ಕಿವಿ ನಿಮಿರಿಸಿತು ಅಷ್ಟೇ. ನನಗೆ ಮೈಯೆಲ್ಲ ಬೆವರು. ಬಂಡಿಯ ಅಂಚಿಗೆ ಬಗ್ಗಿ ವಾಂತಿ ಮಾಡಿದೆ.

ಮಾಡುತ್ತಿರುವಾಗಲೇ ಗೊತ್ತಾಯಿತು. ಹಿಂದೆಯೂ ಹೀಗೆ ಬಗ್ಗಿದ್ದೇನೆ. ಡೇರೆಯ ಹಿಂದೆ, ಯಾರಿಗೂ ಕಾಣದ ಹಾಗೆ, ಮಂಜಿನಲ್ಲಿ. ಬಾವಿಗಲ್ಲ. ಆಚೆ ದಡದಿಂದ ಫಿರಂಗಿ ಸದ್ದು ಬರುತ್ತಿತ್ತು.

ಹೆಟ್ಟಿ ಬಾಯಿ ಒರೆಸಿದಳು. "ತಿರುಗಿ ಹೋಗೋಣವಾ?"

"ಬೇಡ. ಹೊಳೆಯ ದಾರಿಯಲ್ಲೇ ಹೋಗು" ಅಂದೆ.

ಜುಲೈ 7, ಶನಿವಾರ. ಹೆರಿಕ್. ಸಂಜೆ ಆರು

ಬಂದೆವು. ಕೆಜಾಯಾ ಮತ್ತು ಹೆಟ್ಟಿ ಸೇರಿ ಇಳಿಸಿದರು. ಅಂಗಡಿಯ ಒಳಗೆ, ಜೀನುಗಳ ನಡುವೆ ಮಂಚ ಹಾಕಿದ್ದಾರೆ. ಚರ್ಮದ ವಾಸನೆ ಹಿತವಾಗಿದೆ. ಹೆಟ್ಟಿ ಮೊದಲು ಮಾಡಿದ ಕೆಲಸ — ಪ್ರಿಂಗಲ್ ಎದುರಿಗೆ ಹೋಗಿ ನಿಂತು, "ನಿಮ್ಮನ್ನ ನಾಯಿ ಅಂತ ಕರೆದಿದ್ದೆ. ಹಲವು ಸಲ" ಅಂದಳು. "ನಾಯಿ ಪರವಾಗಿಲ್ಲ ಅಮ್ಮಾ, ಡೋರಸ್‌ಗಿಂತ ವಾಸಿ" ಅಂದ ಅವನು.

ನನ್ನ ಪಕ್ಕ ಮಣೆ ಎಳೆದುಕೊಂಡು ಕೂತ. ಮರದ ಕಾಲು ಚಾಚಿದ.

"ಕ್ಷಮಿಸು" ಅಂದೆ. ಬಂತು. ಏಪ್ರಿಲ್‌ನಲ್ಲಿ ಬಾರದ್ದು ಈಗ ಸರಾಗ ಬಂತು, ಬರೀ ಒಂದು ಶಬ್ದ, ಯಾವ ವಾಕ್ಯದ ಒಳಗೂ ಅಲ್ಲ.

ತಲೆ ಆಡಿಸಿದ. ಸ್ವೀಕರಿಸಿದನೋ ಇಲ್ಲವೋ. ದಬ್ಬಣದ ಮೊನೆಯನ್ನ ಉಗುರಿಗೆ ತೀಡಿ ನೋಡುತ್ತಾ ಕೇಳಿದ — "ಆವತ್ತು ನೀವು ಕಾಗದದ ಹಿಂದೆ ಬರೆದುಕೊಟ್ಟಾಗ ನಾನು ಒಂದು ಮಾತು ಕೇಳಬೇಕು ಅಂದ್ಕೊಂಡೆ, ಜನರಲ್ ಅಂತ ಕೇಳಲಿಲ್ಲ. ಹೊಳೆಯ ದಾರಿ ಯಾಕೆ ಬೇಡ ಅಂದ್ರಿ?"

"ಆಚೆ ದಡದಲ್ಲಿ ಫಿರಂಗಿ ಇದ್ದವು. ಹೆದರಿದೆ ಪ್ರಿಂಗಲ್. ದಂಡಿಗಾಗಿ ಅಲ್ಲ. ನನಗಾಗಿ. ದಂಡಿನ ಮುಂದೆ ಕುದುರೆ ಮೇಲೆ ನಾನಿರಬೇಕಲ್ಲ."

ಹೆಟ್ಟಿಯೂ ಕೇಳಿದಳು, ಕೆಜಾಯಾಳೂ ಕೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪ್ರಿಂಗಲ್ ದಬ್ಬಣ ಕೆಳಗಿಟ್ಟ. ಆಮೇಲೆ — "ನಾನೂ ಹೆದರಿದ್ದೆ. ನೀವು ದಿಬ್ಬ ಅಂದಾಗ ಎಷ್ಟು ಖುಷಿಯಾಯ್ತು ಗೊತ್ತಾ? ಓಡಿ ಓಡಿ ಎಲ್ಲ ದಳಕ್ಕೂ ಹೇಳಿದೆ. ಅದನ್ನ ಮಾತ್ರ ಇವಳಿಗೂ ಹೇಳಿರಲಿಲ್ಲ."

ಕೆಜಾಯಾ ಹೊರಗೆ ಹೋಗಿ ಕುದುರೆಗೆ ನೀರಿಟ್ಟಳು. ಬರುವಾಗ ಕಣ್ಣು ಕೆಂಪಗಿತ್ತು.

ಜುಲೈ 8, ಭಾನುವಾರ. ಬೆಳಿಗ್ಗೆ

ಉಸಿರು ಮೇಲೆ ಮೇಲೆ. ಅಕ್ಷರ ಜಾರುತ್ತಿದೆ. ಆದರೂ ಬರೆಯಬೇಕು ಅನ್ನಿಸುತ್ತಿದೆ.

ಪ್ರಿಂಗಲ್ ಬೆಳಗಾಗುವ ಮುಂಚೆಯೇ ಬಂದು ಪಕ್ಕದಲ್ಲಿ ಕೂತ. ಅವತ್ತಿನ ದಾರಿಯನ್ನ ಇಬ್ಬರೂ ಸೇರಿ ಮತ್ತೆ ನಡೆಯೋಣ ಅಂದ, ಗಳಿಗೆ ಗಳಿಗೆಗೆ, ಅವನಿಗೆ ನೆನಪಿರೋದನ್ನ ಅವನು, ನನಗೆ ಉಳಿದಿರೋದನ್ನ ನಾನು ಹೇಳೋದು. ಕೆಜಾಯಾ ಬರೆದುಕೊಳ್ಳುತ್ತಾಳಂತೆ. ಇಬ್ಬರ ರುಜು. ಅವತ್ತಿನ ಏಳೂವರೆಯಿಂದ ಎಂಟರವರೆಗೆ ಆಯಿತು. ಮಂಜಿತ್ತು ಅನ್ನೋದು ನಿಜವಂತೆ. ಅದಾದರೂ ನನ್ನ ಪಾಲಿಗೆ ಉಳಿಯಿತು.

ಎಂಟಕ್ಕೆ ದಂಡು ಹೊರಟಿತು. ದಿಬ್ಬದ ಬುಡದಲ್ಲಿ ನಾನು ಕುದುರೆ ನಿಲ್ಲಿಸಿ ಹೊಳೆಯ ಕಡೆ ತಿರುಗಿ ನೋಡಿದೆನಂತೆ. ಬಹಳ ಹೊತ್ತು. ಏನೋ ಹೇಳಿದೆನಂತೆ, ಅವನಿಗೆ ಕೇಳಿಸಲಿಲ್ಲ. ಏನು ಹೇಳಿದಿರಿ ಅಂತ ಕೇಳುತ್ತಿದ್ದಾನೆ. ಕಟ್ಟಬಾರದು. ಬಂದರೆ ತಾನಾಗೇ ಬರಲಿ ಅಂತ ಕಣ್ಣು ಮುಚ್ಚಿ ಕಾದೆ. ಕುದುರೆಯ ಬೆನ್ನಿನ ಬಿಸಿ ಬಂತು, ಲಗಾಮು ಬಂತು, ಈಗ ನನ್ನದೇ ದನಿ, ಸಣ್ಣಗೆ, ನಾನು ಹೇಳಿದ್ದು —